ಗೋಡೆಯನ್ನೂ ಓದಬೇಕು: ಅಫ್ರೋಡಿಸಿಯಾಸ್ ಶಾಸನ ಸಂಪುಟಗಳ ಬಗ್ಗೆ

ತುರ್ಕಿಯ ಅಫ್ರೋಡಿಸಿಯಾಸ್ ಅಂದ್ರೆ ಹೆಚ್ಚಿನವರಿಗೆ ಅಮೃತಶಿಲೆಯ ಶಿಲ್ಪಗಳು ನೆನಪಾಗುತ್ತವೆ. ನನ್ನ ಆಸಕ್ತಿ ಅದರ ಕೋಟೆಗೋಡೆ. ರೋಮನ್ ಕಾರಿಯಾ ಪ್ರಾಂತ್ಯದ ರಾಜಧಾನಿಯಾಗಿದ್ದ ಈ ಊರಿನ ಸುತ್ತ ಸುಮಾರು 3.5 ಕಿ.ಮೀ. ಗೋಡೆಯಿದೆ. ಅದಕ್ಕೆ ಹಳೆಯ ಗೋರಿ, ಕಟ್ಟಡಗಳ ಕಲ್ಲುಗಳನ್ನು ಧಾರಾಳವಾಗಿ ಬಳಸಿದ್ದಾರೆ. ಎಷ್ಟೋ ಕಲ್ಲುಗಳ ಮೇಲೆ ಗ್ರೀಕ್ ಬರಹವಿದೆ.

ಈ ಗೋಡೆ 3ನೇ ಶತಮಾನದಲ್ಲಿ ಗೋಥರ ಭಯಕ್ಕೆ ಅವಸರದಲ್ಲಿ ಎದ್ದದ್ದು ಅನ್ನೋ ಅಭಿಪ್ರಾಯ ಮೊದಲು ಇತ್ತು. ಆದರೆ ಪಶ್ಚಿಮದ ಬಾಗಿಲ ಶಾಸನ ಫ್ಲಾವಿಯಸ್ ಕ್ವಿಂಟಿಲಿಯಸ್ ಈರಾಸ್ ಮೊನಾಕ್ಸಿಯಸ್ ಎಂಬ ಪ್ರಾಂತ್ಯಾಧಿಕಾರಿಯನ್ನು ಹೆಸರಿಸುತ್ತದೆ. ಅವನ ಕಾಲ 4ನೇ ಶತಮಾನದ ನಡುಭಾಗ. ಅಂದ್ರೆ ಇದು ಊರು ಹೆಮ್ಮೆಯಿಂದ ಹೆಸರು ಕೆತ್ತಿಸಿದ ಸರ್ಕಾರಿ ಕೆಲಸ. ಬರೀ ಹೆದರಿಕೆಯ ಕಥೆ ಇಲ್ಲಿ ಸಾಲದು.

ಷಾರ್ಲಟ್ ರೂಶೇ ಅವರ 1989ರ ಪುಸ್ತಕ 2004ರಲ್ಲಿ ಆನ್‌ಲೈನ್‌ಗೆ ಬಂತು. ಪಾಠ, ಅನುವಾದ, ಟಿಪ್ಪಣಿ ಮೂರೂ ಅಚ್ಚುಕಟ್ಟು. ಆದರೆ ಅದು ಕಡೆಯ ರೋಮನ್ ಮತ್ತು ಬೈಜಾಂಟೈನ್ ಶಾಸನಗಳಿಗಷ್ಟೇ ಸೀಮಿತ. ಅದೇ ಗೋಡೆಯಲ್ಲಿ ಕೂತಿರೋ 2ನೇ ಶತಮಾನದ ಗೋರಿಬರಹ ಅದರ ವ್ಯಾಪ್ತಿಗೆ ಬರೋದಿಲ್ಲ. ಹೀಗೆ ಗೋಡೆ ಎರಡು ಭಾಗವಾಗಿಬಿಡ್ತದೆ. 2007ರಲ್ಲಿ ರೆನಾಲ್ಡ್ಸ್, ರೂಶೇ, ಬೊಡಾರ್ಡ್ ಹೊರತಂದ ಸಂಪುಟ ಸಿಕ್ಕ ಜಾಗದ ಪ್ರಕಾರ ಜೋಡಿಸಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ. ನಮ್ಮ ಎಪಿಗ್ರಾಫಿಯಾ ಕರ್ನಾಟಿಕಾದ ತಾಲೂಕುವಾರು ಕ್ರಮ ಬಲ್ಲವರಿಗೆ ಇದು ಪರಿಚಿತ ದಾರಿ. ಆದರೂ ಒಂದು ಶಾಸನಕ್ಕೆ ಒಂದು ಪುಟ ಅನ್ನೋ ಪದ್ಧತಿ ಉಳಿದಿರೋದರಿಂದ ಗೋಡೆ ಇಡಿಯಾಗಿ ಕಣ್ಣಿಗೆ ಕಟ್ಟೋದಿಲ್ಲ.

ಈಶಾನ್ಯ ಬಾಗಿಲನ್ನು ನೋಡಿ. ಅಲ್ಲಿ ಅಫ್ರೋಡೈಟಿ ದೇವತೆಯ ಹೆಸರು ಹೊತ್ತ ಊರಿನ ಜನರ ಹೆಸರನ್ನು ಅಳಿಸಿ, ಶಿಲುಬೆಯ ಊರಿನವರು ಎಂದು ಕೆತ್ತಿದ್ದಾರೆ. ಸಂಪಾದನೆಯಲ್ಲಿ ಇದನ್ನು ಜೋಡಿ ಆವರಣ ಚಿಹ್ನೆಯಿಂದ ತೋರಿಸೋದು ರೂಢಿ. ನನ್ನ ತಕರಾರು ಇಷ್ಟೇ: ಆ ಅಳಿಸುವಿಕೆ ಮೊದಲ ಶಾಸನದ ಟಿಪ್ಪಣಿಯಲ್ಲ, ಬೇರೆ ಕಾಲದ ಎರಡನೇ ಶಾಸನ. ಅದಕ್ಕೆ ತನ್ನದೇ ಸಂಖ್ಯೆ, ತನ್ನದೇ ಕಾಲನಿರ್ದೇಶ ಸಿಗಬೇಕಿತ್ತು.

ಎರಡೂ ಸಂಪುಟ ಉಚಿತವಾಗಿ ಸಿಗ್ತವೆ, ಬಾಗಿಲುಗಳಿಂದಲೇ ಓದಲು ಶುರುಮಾಡಿ. ಮುಂದೆ ನಮ್ಮ ಕೆರೆ ತೂಬಿನಲ್ಲೋ ಕೋಟೆಯಲ್ಲೋ ಶಾಸನದ ಕಲ್ಲು ಕಂಡಾಗ, ಅಕ್ಷರದ ಜೊತೆ ಅದು ಯಾವ ಸಾಲಿನಲ್ಲಿದೆ, ತಲೆಕೆಳಗಾಗಿದೆಯೋ, ಪಕ್ಕದ ಕಲ್ಲು ಯಾವುದು ಅನ್ನೋದನ್ನೂ ಬರೆದಿಡಿ.