ಬಾಡಿಗೆ ಕ್ಯಾಮೆರಾ ಮತ್ತು ನಮ್ಮ ಸಿನಿಮಾ ವಿಮರ್ಶೆ

ಕನ್ನಡದಲ್ಲಿ ಸಿನಿಮಾ ವಿಮರ್ಶೆ ಎಂದರೆ ಹೆಚ್ಚಾಗಿ ಕಥೆಯ ವಿಮರ್ಶೆ. ಚಿತ್ರ ಜಾತಿಯನ್ನು ಹೇಗೆ ಕಂಡಿದೆ, ಹೆಣ್ಣನ್ನು ಎಲ್ಲಿ ನಿಲ್ಲಿಸಿದೆ, ಕಾದಂಬರಿಗೆ ಎಷ್ಟು ಹತ್ತಿರವಿದೆ ಎಂದು ಕೇಳುತ್ತೇವೆ. ಕೇಳಲೇಬೇಕು. ಆದರೆ ಕ್ಯಾಮೆರಾ ಯಾರದು, ಅದರ ಬಾಡಿಗೆ ಮತ್ತು ತೆರಿಗೆಯನ್ನು ಯಾರು ಹೊತ್ತರು ಎಂದು ಕೇಳುವುದಿಲ್ಲ. ಅದನ್ನು ಲೆಕ್ಕಿಗರಿಗೆ ಬಿಟ್ಟಿದ್ದೇವೆ. ತುಮಕೂರಿನಲ್ಲಿ ಕೂತು ರಂಗಭೂಮಿ ಮತ್ತು ಸಿನಿಮಾದ ನಂಟನ್ನು ಓದುತ್ತಿರುವ ನನಗೆ, ಹೀಗೆ ಬಿಟ್ಟಿದ್ದು ನಮಗೆ ದುಬಾರಿಯಾಗಿದೆ ಅನ್ನಿಸುತ್ತದೆ.

ಗುಬ್ಬಿಯಿಂದಲೇ ಶುರು ಮಾಡೋಣ. 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಬಲ ಇದ್ದದ್ದು ನಟರಲ್ಲಿ ಮಾತ್ರವಲ್ಲ, ಸರಂಜಾಮಿನಲ್ಲಿಯೂ. ಪರದೆ, ಸೀನರಿ, ವೇಷಭೂಷಣ, ದೀಪ ಎಲ್ಲವೂ ಕಂಪನಿಯೊಂದಿಗೆ ಊರಿಂದೂರಿಗೆ ಸಾಗುತ್ತಿದ್ದವು. ‘ಕುರುಕ್ಷೇತ್ರ’ಕ್ಕೆ ಗುಬ್ಬಿ ವೀರಣ್ಣನವರು ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಸಿನಿಮಾ ಬಂದಾಗ ಈ ಲೆಕ್ಕ ತಿರುವುಮುರುವಾಯಿತು. 1934ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದಲ್ಲಿ. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್‌ನ 1954ರ ‘ಬೇಡರ ಕಣ್ಣಪ್ಪ’ ತಯಾರಾದದ್ದು ಮದ್ರಾಸಿನಲ್ಲಿ. ನಾಟಕ ನಮ್ಮದು, ನಟ ರಾಜ್‌ಕುಮಾರ್ ನಮ್ಮವರು. ಸ್ಟುಡಿಯೋ ಮಾತ್ರ ಇನ್ನೊಬ್ಬರದು.

1960ರ ದಶಕದ ಸರ್ಕಾರಕ್ಕೆ ಇದು ಅರ್ಥವಾಗಿತ್ತು. ರಾಜ್ಯದಲ್ಲೇ ತಯಾರಾಗುವ ಚಿತ್ರಗಳಿಗೆ ಸಹಾಯಧನ ಬಂತು; 1966ರಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಬಂತು. ಒಂದು ಕೈಯಲ್ಲಿ ದುಡ್ಡು, ಇನ್ನೊಂದು ಕೈಯಲ್ಲಿ ಯಂತ್ರ. ಇವತ್ತಿನ ಚರ್ಚೆಯಲ್ಲಿ ಎರಡನೆಯ ಕೈ ಕಾಣುವುದೇ ಇಲ್ಲ.

ಸಹಾಯಧನ ಬರುವುದು ಚಿತ್ರ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿದ ಮೇಲೆ. ಬಾಡಿಗೆ ಕೊಡಬೇಕಾದದ್ದು ಚಿತ್ರೀಕರಣದ ಹೊತ್ತಿಗೆ, ದಿನದ ಲೆಕ್ಕದಲ್ಲಿ. ನಡುವಿನ ಅವಧಿಯನ್ನು ತುಂಬುವುದು ಸಾಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಮನರಂಜನಾ ತೆರಿಗೆ ಅದರೊಳಗೆ ಸೇರಿತು. ಕ್ಯಾಮೆರಾ, ಲೈಟಿನ ಬಾಡಿಗೆಗೆ ಶೇ 18ರ ತೆರಿಗೆ. ನೋಂದಾಯಿತ ದೊಡ್ಡ ಸಂಸ್ಥೆ, ಚಿತ್ರದ ಹಕ್ಕುಗಳನ್ನು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಇದನ್ನು ಕಳೆದುಕೊಳ್ಳುತ್ತದೆ. ನೋಂದಣಿ ಇಲ್ಲದವರಿಗೆ ಆ ಅವಕಾಶವಿಲ್ಲ. ನೋಂದಣಿ ಇದ್ದೂ ಚಿತ್ರ ಮಾರಾಟವಾಗದಿದ್ದರೆ ಆ ಜಮೆ ಕಾಗದದಲ್ಲೇ ಉಳಿಯುತ್ತದೆ. ಅಂದರೆ ಗೆದ್ದವರಿಗೆ ತೆರಿಗೆ ಹಗುರ, ಸೋತವರಿಗೆ ಪೂರ್ತಿ ಭಾರ.

ಇದಕ್ಕೂ ವಿಮರ್ಶೆಗೂ ಏನು ಸಂಬಂಧ? ನಮ್ಮ ಕಡಿಮೆ ಬಜೆಟ್ಟಿನ ಚಿತ್ರಗಳನ್ನು ನೋಡಿ. ಒಂದೇ ಊರು, ಒಂದೆರಡು ಮನೆ, ಹಗಲಿನ ಬೆಳಕು, ನಿಂತಲ್ಲೇ ನಿಂತ ಕ್ಯಾಮೆರಾ. ಇದನ್ನು ನಾವು ವಾಸ್ತವವಾದ ಎನ್ನುತ್ತೇವೆ, ಸಂಯಮ ಎನ್ನುತ್ತೇವೆ. ಕೆಲವು ಕಡೆ ಅದು ನಿಜವಾದ ಸಂಯಮವೇ. ಇನ್ನು ಕೆಲವು ಕಡೆ ಇನ್ನೊಂದು ದಿನದ ಬಾಡಿಗೆ ಕಟ್ಟಲಾಗದ್ದರ ಗುರುತು. ರಾತ್ರಿಯ ದೃಶ್ಯಕ್ಕೆ ಲೈಟು ಬೇಕು, ಜನರೇಟರ್ ಬೇಕು; ಹಾಗಾಗಿ ರಾತ್ರಿಯೇ ಚಿತ್ರಕಥೆಯಿಂದ ಬಿದ್ದುಹೋಗಬಹುದು. ಆಯ್ಕೆ ಯಾವುದು, ಅನಿವಾರ್ಯ ಯಾವುದು ಎಂದು ಬೇರ್ಪಡಿಸದ ವಿಮರ್ಶೆ ಬಡತನವನ್ನೇ ಶೈಲಿ ಎಂದು ಹೊಗಳುತ್ತದೆ. ಕಲೆಯನ್ನು ಬಿಲ್ಲಿಗೆ ಇಳಿಸಬೇಡಿ ಎನ್ನುವವರಿದ್ದಾರೆ. ಬಿಲ್ಲನ್ನು ಓದಿದರೆ ಕಲೆ ಸಣ್ಣದಾಗುವುದಿಲ್ಲ. ನಿರ್ದೇಶಕ ನಿಜವಾಗಿ ಆರಿಸಿಕೊಂಡದ್ದು ಏನು ಎಂಬುದು ಆಗಲೇ ತಿಳಿಯುವುದು.

2025ರ ರಾಜ್ಯ ಬಜೆಟ್ ಸಿನಿಮಾಕ್ಕೆ ಉದ್ಯಮದ ಸ್ಥಾನ ಘೋಷಿಸಿತು. ಮೈಸೂರಿನಲ್ಲಿ 150 ಎಕರೆಯ ಚಿತ್ರನಗರಿಗೆ 500 ಕೋಟಿ ರೂಪಾಯಿಯ ಯೋಜನೆಯೂ ಅದರಲ್ಲಿದೆ. ಆಗಲಿ. ಆದರೆ ಕುಣಿಗಲ್ಲಿನ ಕೆರೆ ಏರಿ, ಗುಬ್ಬಿಯ ತೆಂಗಿನ ತೋಟ ಬೆಂಗಳೂರಿನ ಯೂನಿಟ್ಟಿಗೆ ಹತ್ತಿರದ ಲೊಕೇಶನ್ ಮಾತ್ರ ಆಗಿ ಉಳಿಯಬೇಕೇ? ಇಲ್ಲಿಯ ಹುಡುಗ ಹುಡುಗಿಯರು ತಮ್ಮ ಊರನ್ನು ತಾವೇ ಚಿತ್ರಿಸಲು ಬಾಡಿಗೆ ಹಣ ಹಿಡಿದು ಬೆಂಗಳೂರಿಗೇ ಹೋಗಬೇಕೇ? ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಸಹಾಯಧನದ ಒಂದು ಪಾಲನ್ನು ಯಂತ್ರವಾಗಿ ಕೊಟ್ಟು, ಒಂದು ಕ್ಯಾಮೆರಾ, ಒಂದಷ್ಟು ಲೈಟು, ಧ್ವನಿಮುದ್ರಣದ ಸಾಧನಗಳನ್ನು ಅಂಥ ಕಡೆ ಕಡಿಮೆ ಬಾಡಿಗೆಗೆ ಇಡಬಹುದು. ಮುಗಿದ ಚಿತ್ರಕ್ಕೆ ಕೊಡುವ ಹಣ ಬಹುಮಾನವಾಗುತ್ತದೆ. ಶುರುವಾಗದ ಚಿತ್ರಕ್ಕೆ ಬೇಕಾದದ್ದು ಸರಂಜಾಮು. ಅದನ್ನು ಗುಬ್ಬಿ ಕಂಪನಿ ನೂರು ವರ್ಷದ ಹಿಂದೆಯೇ ಅರಿತಿತ್ತು.