ವಿಳಾಸ ಒಬ್ಬರದು, ಓದುಗ ಇನ್ನೊಬ್ಬ

ಕಥೆ, ಕವನಗಳಿಗೆ ವಿಮರ್ಶೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಕಚೇರಿಯಿಂದ ಮನೆಗೆ ಬರುವ ಕಾಗದಗಳನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಕವನ ಅರ್ಥವಾಗದಿದ್ದರೆ ಪುಟ ತಿರುವಿದರಾಯಿತು. ಕಚೇರಿಯ ಕಾಗದ ಅರ್ಥವಾಗದಿದ್ದರೆ ತಿಂಗಳ ಪಿಂಚಣಿಯೇ ನಿಂತೀತು.

ನಮ್ಮ ಬೀದಿಯ ಹಿರಿಯ ಹೆಂಗಸರು ಇಂಥ ಕಾಗದಗಳನ್ನು ಓದಿಸಿಕೊಳ್ಳಲು ನನ್ನಲ್ಲಿಗೆ ತರುವುದುಂಟು. ಅವುಗಳ ಧಾಟಿ ಹೆಚ್ಚುಕಡಿಮೆ ಹೀಗಿರುತ್ತದೆ: "ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಅಗತ್ಯ ದಾಖಲೆಗಳನ್ನು ನಿಯಮಾನುಸಾರ ನಿಗದಿತ ಅವಧಿಯೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಪಿಂಚಣಿಯನ್ನು ತಡೆಹಿಡಿಯಲಾಗುವುದು."

ಪದ್ಯ ಬಿಡಿಸುವಂತೆ ಇದನ್ನು ಬಿಡಿಸಿ ನೋಡಿ. ಯಾವ ದಾಖಲೆ? ಹೇಳಿಲ್ಲ. ಯಾವ ತಾರೀಖಿನೊಳಗೆ? ಹೇಳಿಲ್ಲ. ಯಾರ ಕೈಗೆ ಕೊಡಬೇಕು? ಅದೂ ಇಲ್ಲ. ಸ್ಪಷ್ಟವಾಗಿರುವುದು ಬೆದರಿಕೆ ಒಂದೇ. "ತಡೆಹಿಡಿಯಲಾಗುವುದು" ಎಂಬುದಕ್ಕಂತೂ ಕರ್ತೃವೇ ಇಲ್ಲ. ತಡೆಯುವವರು ಯಾರೆಂದು ಗೊತ್ತಾದರೆ ತಾನೆ ಹೋಗಿ ಕೇಳುವುದು!

ಪದಗಳು ಕಠಿಣವೆನ್ನುವುದು ಸಣ್ಣ ದೋಷ. ದೊಡ್ಡ ದೋಷ ಬೇರೆಯೇ ಇದೆ. ಲಕೋಟೆಯ ಮೇಲೆ ಅಜ್ಜಿಯ ಹೆಸರಿದ್ದರೂ ಬರೆದವರ ಕಣ್ಣ ಮುಂದೆ ಇದ್ದವರು ಮೇಲಧಿಕಾರಿ ಮತ್ತು ಆಡಿಟ್‌ನವರು. ಅವರು ತಪ್ಪು ಹಿಡಿಯದಿದ್ದರೆ ಸಾಕು, ಅಜ್ಜಿಗೆ ಅರ್ಥವಾಗದಿದ್ದರೂ ಕಾಗದ ಫೈಲಿನಲ್ಲಿ ಕ್ಷೇಮವಾಗಿರುತ್ತದೆ.

1963ರ ರಾಜಭಾಷಾ ಅಧಿನಿಯಮದಿಂದ ಕನ್ನಡ ನಮ್ಮ ಆಡಳಿತ ಭಾಷೆಯಾಯಿತು. ಆದರೆ "ನಿರ್ದೇಶಿಸಲ್ಪಟ್ಟಿದ್ದೇನೆ" ಎಂದು ಯಾವ ಕನ್ನಡಿಗರು ಮನೆಯಲ್ಲಿ ಮಾತಾಡುತ್ತಾರೆ? ಇದು ಹಳೆಯ ಇಂಗ್ಲಿಷ್ ಕರಡಿಗೆ ಕನ್ನಡದ ಸೀರೆ ಉಡಿಸಿದ್ದು. ಆ ಇಂಗ್ಲಿಷಿನವರೇ ತಮ್ಮ ಕಚೇರಿ ಭಾಷೆಯನ್ನು ತಿದ್ದಲು ಹೊರಟು ಬಹಳ ಕಾಲವಾಯಿತು. ಬ್ರಿಟನ್ನಿನ ಹಣಕಾಸು ಇಲಾಖೆಯ ಕೋರಿಕೆಯಂತೆ ಸರ್ ಅರ್ನೆಸ್ಟ್ ಗವರ್ಸ್ ಸರ್ಕಾರಿ ನೌಕರರಿಗಾಗಿ 'ಪ್ಲೇನ್ ವರ್ಡ್ಸ್' ಬರೆದದ್ದು 1948ರಲ್ಲಿ. ಬರೆಯುವವರು ಓದುವವರ ಜಾಗದಲ್ಲಿ ನಿಂತು ನೋಡಬೇಕೆಂಬುದು ಅದರ ಮುಖ್ಯ ಬುದ್ಧಿಮಾತು.

ಹಾಗೆ ನಿಂತು ನೋಡಿದರೆ ಕಾಗದ ಎಷ್ಟು ಹಗುರಾಗುತ್ತದೆ! ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಕೊಡುವ ಲೈಫ್ ಸರ್ಟಿಫಿಕೇಟನ್ನೇ ತೆಗೆದುಕೊಳ್ಳಿ. "ನವೆಂಬರ್ 30ರೊಳಗೆ ನಿಮ್ಮ ಲೈಫ್ ಸರ್ಟಿಫಿಕೇಟ್ ಕೊಡಿ. 80 ವರ್ಷ ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಬರುವಾಗ ಆಧಾರ್ ಕಾರ್ಡು, ಪಿಂಚಣಿ ಪುಸ್ತಕ ತನ್ನಿ. ನಡೆಯಲು ಆಗದಿದ್ದರೆ ಈ ನಂಬರಿಗೆ ಫೋನ್ ಮಾಡಿ." ಇಷ್ಟು ಸಾಲದೇ?

ನಿಯಮದ ಹೆಸರು ಬಿಟ್ಟರೆ ನಾಳೆ ನಮ್ಮ ತಲೆಗೆ ಬರುತ್ತದೆ ಎನ್ನುವವರ ಭಯ ಸುಳ್ಳಲ್ಲ. ನಿಯಮದ ಸಂಖ್ಯೆ ಕಾಗದದ ಕೊನೆಯಲ್ಲಿ ಇರಲಿ. ಮಾಡಬೇಕಾದ ಕೆಲಸ ಮೊದಲ ಸಾಲಿನಲ್ಲಿ ಬರಲಿ.

ಶಾಲೆ, ಬ್ಯಾಂಕು, ತಾಲ್ಲೂಕು ಕಚೇರಿಗಳಲ್ಲಿ ಇಂದು ನಮ್ಮಂಥ ಎಷ್ಟೋ ಹೆಂಗಸರೇ ಕರಡು ಬರೆಯುವ ಕುರ್ಚಿಯಲ್ಲಿದ್ದೇವೆ. ಸಹಿಗೆ ಕಳಿಸುವ ಮುನ್ನ ಕರಡನ್ನು ಮನೆಯ ಹಿರಿಯರೊಬ್ಬರಿಗೆ ಓದಿ ಹೇಳಿದಂತೆ ಗಟ್ಟಿಯಾಗಿ ಓದಿಕೊಳ್ಳಿ. "ಹಾಗಾದರೆ ನಾನೀಗ ಏನು ಮಾಡಬೇಕಮ್ಮಾ?" ಎಂದು ಅವರು ಕೇಳುವಂತಿದ್ದರೆ, ಅದನ್ನು ಇನ್ನೊಮ್ಮೆ ಬರೆಯುವುದೇ ಮೇಲು.