ಗಂಧಕದ ಕೊಂಡಿ

ಕೂದಲು ಸುಟ್ಟಾಗ ಮೂಗಿಗೆ ಅಡರುವ ಕಮಟು ವಾಸನೆಯ ಹಿಂದೆ ಸಿಸ್ಟೀನ್ ಇದೆ. ಈ ಅಮೈನೊ ಆಮ್ಲದ ತುದಿಯಲ್ಲಿ ಒಂದು ಗಂಧಕದ ಪರಮಾಣು, ಅದಕ್ಕಂಟಿದ ಒಂದು ಹೈಡ್ರೋಜನ್. ಸಲಕರಣೆ ಇಷ್ಟೇ, ಕಸುಬು ಮಾತ್ರ ಎಂಥದ್ದು! ಎರಡು ಸಿಸ್ಟೀನ್‌ಗಳು ಹತ್ತಿರ ಬಂದು ಹೈಡ್ರೋಜನ್ ಕಳಚಿಕೊಂಡರೆ ಗಂಧಕಕ್ಕೆ ಗಂಧಕ ಬೆಸೆದು, ಅಂಗಿಗೆ ಗುಂಡಿ ಹಾಕಿದಂತೆ ಪ್ರೋಟೀನಿನ ಎಳೆಗಳು ಬಿಗಿಯುತ್ತವೆ. ಕೂದಲು, ಉಗುರುಗಳ ಗಟ್ಟಿತನಕ್ಕೆ ಈ ಬೆಸುಗೆಯೇ ಆಧಾರ. ಇನ್ಸುಲಿನ್ನಿನ ಕುಸುರಿ ನೋಡಿ: 51 ಅಮೈನೊ ಆಮ್ಲಗಳಲ್ಲಿ 6 ಸಿಸ್ಟೀನ್, ಅವು ಕಟ್ಟಿದ 3 ಸೇತುವೆ. ಎರಡು ಸೇತುವೆಗಳು ಅದರ ಜೋಡಿ ಸರಪಣಿಗಳನ್ನು ಕೂಡಿಸಿದರೆ, ಇನ್ನೊಂದು ಒಂದೇ ಸರಪಣಿಯನ್ನು ಬಾಗಿಸಿ ಹಿಡಿಯುತ್ತದೆ.

ಇನ್ನೂ ಬೆರಗು ಹುಟ್ಟಿಸುವುದು ಯಕೃತ್ತಿನಲ್ಲಿ ಸಿಸ್ಟೀನ್ ಮಾಡುವ ಕೆಲಸ. ಗ್ಲುಟಮೇಟ್, ಗ್ಲೈಸಿನ್ ಜೊತೆ ಸೇರಿ ಅದು ಗ್ಲುಟಥಯೋನ್ ಆಗುತ್ತದೆ. ಪ್ಯಾರಾಸಿಟಮಾಲ್‌ನಿಂದ ಹುಟ್ಟುವ ವಿಷಾಂಶವನ್ನು ಹಿಡಿದು ಹಾಕುವುದು ಇದೇ. ಮಾತ್ರೆ ಮಿತಿಮೀರಿ ಈ ದಾಸ್ತಾನು ಬರಿದಾದಾಗ ವೈದ್ಯರು ಅಸಿಟೈಲ್‌ಸಿಸ್ಟೀನ್ ಕೊಡುತ್ತಾರೆ. ಹೊತ್ತು ಮೀರದಿದ್ದರೆ ಯಕೃತ್ತು ಉಳಿಯುತ್ತದೆ. ಅದೇ ಮದ್ದು ಅಂಟು ಕಫದೊಳಗಿನ ಗಂಧಕದ ಕೊಂಡಿಗಳನ್ನು ಬಿಡಿಸಿ ಕಫವನ್ನು ನೀರಾಗಿಸುತ್ತದೆ. ಕಟ್ಟುವುದನ್ನೂ ಬಿಚ್ಚುವುದನ್ನೂ ಇಷ್ಟು ಚೊಕ್ಕವಾಗಿ ಬಲ್ಲ ಕುಶಲಕರ್ಮಿಗೆ ಶಹಬ್ಬಾಸ್ ಎನ್ನದೆ ಇರುವುದು ಹೇಗೆ?